ಉಡದಾರದ ಕೆಳಗಿನ ಗಜಕರ್ಣ

ಗಜಕರ್ಣದ ಮುಲಾಮಿನ ಘಾಟು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸಿಟ್ಟೇ ಬರುತ್ತದೆ.

ಮಸ್ಕಿಯಲ್ಲಿ ಸಣ್ಣವನಿದ್ದಾಗ ನನ್ನ ಸೊಂಟಕ್ಕೆ ಗಜಕರ್ಣ ಹತ್ತಿತ್ತು. ಹುತುತು, ಅಂದರೆ ಕಬಡ್ಡಿ, ಆಡಲು ಅಂಗಿ ಬಿಚ್ಚಿದರೆ ಯಾರೂ ನನ್ನನ್ನು ಮುಟ್ಟುತ್ತಿರಲಿಲ್ಲ. ಕೊನೆಗೆ ಅಜ್ಜಿ ಲಿಂಗಸುಗೂರಿನ ದವಾಖಾನೆಗೆ ಕರೆದೊಯ್ದಳು.

"ಇದು ರೊಟ್ಟಿಗೆ ಬರೋ ಬೂಷ್ಟಿನಂಥದು ನೋಡ್ರಿ ಅಮ್ಮಾ," ಎಂದ ಕಂಪೌಂಡರ್. "ಈ ಮುಲಾಮು ಮ್ಯಾಲಿನ ಚರ್ಮ ಸುಲದು ಅದನ್ನ ಹೊರಗ ಹಾಕತೈತಿ. ಕೆರೆತ ನಿಂತ್ರೂ ಇನ್ನೊಂದಿಷ್ಟು ದಿನ ಹಚ್ರಿ. ಈ ಹಸಿ ಉಡದಾರದಾಗೂ ಅದು ಕುಂತಿರತೈತಿ, ತೆಗೀರಿ."

ಬಿಳಿ ಮುಲಾಮು ಚುರುಗುಟ್ಟಿತು, ಸಿಪ್ಪೆ ಎದ್ದಿತು, ಕೆರೆತ ನಿಂತಿತು. ಅಷ್ಟಕ್ಕೇ ಅಜ್ಜಿಯ ಲೆಕ್ಕದಲ್ಲಿ ರೋಗ ಹೋಯಿತು. ಉಳಿದ ಮುಲಾಮನ್ನು ಮನೆಯ ಕರುವಿನ ಕುತ್ತಿಗೆಯ ಕಜ್ಜಿಗೆ ಬಳಿದು, ಅದೇ ಹಳೆಯ ದಾರವನ್ನು ಮತ್ತೆ ನನ್ನ ಸೊಂಟಕ್ಕೆ ಬಿಗಿದಳು.

"ಕಂಪೌಂಡರ್ ಬ್ಯಾಡ ಅಂದಾನಲ್ಲಬೇ!"

"ಗಂಡಸ ಹುಡುಗ ಉಡದಾರ ಇಲ್ದ ಇರ್ತಾನೇನಲೇ? ಅವನಿಗೇನ ಗೊತ್ತು!"

ಒಂದು ಮಧ್ಯಾಹ್ನ ಆಟಕ್ಕೆಂದು ಖುಷಿಯಿಂದ ಅಂಗಿ ಬಿಚ್ಚಿದೆ. ದಾರದ ಗುಂಟ ಮತ್ತೆ ಕೆಂಪು ಉಂಗುರಗಳು. ಹುಡುಗರು ಹಿಂದೆ ಸರಿದರು. ಅಳುತ್ತಾ ಮನೆಗೆ ಓಡಿ ಅಜ್ಜಿಗೆ ತೋರಿಸಿದೆ.

"ಯಾರದೋ ಕಣ್ಣು ಬಿದ್ದೈತಿ," ಎಂದು ಅಜ್ಜಿ ಹೊಸ ಕರಿ ದಾರ ಹೊಸೆಯತೊಡಗಿದಳು, ನಡುನಡುವೆ ತನ್ನ ಮೊಳಕೈಯನ್ನು ಪರಪರ ಕೆರೆದುಕೊಳ್ಳುತ್ತಾ.