ಗಿಡ್ಡ ಟ್ರಾಮು, ಉದ್ದ ಟ್ರಾಮು

ಊರಿಗೆ ಬರಲಿರುವ ಟ್ರಾಮಿನಲ್ಲಿ ಎಷ್ಟು ಜನ ಹಿಡಿಸುತ್ತಾರೆಂದು ನೋಡಲು ದೇವೀರಮ್ಮನ ಗಲ್ಲಿಯವರನ್ನೆಲ್ಲ ಶೆಡ್ಡಿಗೆ ಕರೆಸಿದ್ದರು. ಅಲ್ಲಿ ಒಂದು ಗಿಡ್ಡ ಟ್ರಾಮು, ಒಂದು ಉದ್ದ ಟ್ರಾಮು ನಿಂತಿದ್ದವು.

“ಈ ಉದ್ದದ್ದು ನಮ್ ಗಲ್ಲಿ ತಿರುವಲ್ಲಿ ಹೆಂಗೆ ತಿರುಗುತ್ತೆ ಸಾರ್?” ಎಂದು ದೇವೀರಮ್ಮ ಕೇಳಿದಳು.

“ತಿರುಗಲ್ಲ. ಅದನ್ನ ತಂದ್ರೆ ನಿಮ್ ಮನೆಗಳನ್ನ ಒಡೀಬೇಕಾಗುತ್ತೆ,” ಎಂದ ಅಧಿಕಾರಿ, ಮೊಬೈಲಿನಿಂದ ಕಣ್ಣೆತ್ತದೆ. “ಯಾವುದ್ರಲ್ಲಿ ಹೆಚ್ಚು ಜನ ಹಿಡಿಸ್ತಾರೋ ಅದನ್ನೇ ತರ್ತೀವಿ. ಮೊದ್ಲು ಗಿಡ್ಡದಕ್ಕೆ ಹತ್ತಿ.”

ದೇವೀರಮ್ಮ ತನ್ನವರತ್ತ ತಿರುಗಿ ನೋಡಿದಳು. ಎಲ್ಲರೂ ಹತ್ತತೊಡಗಿದರು. ಅರ್ಧ ಜನ ಹತ್ತುವಷ್ಟರಲ್ಲಿ ಅಧಿಕಾರಿ ಸಾಕೆಂದು ಕೈ ಎತ್ತಿದ.

“ಇನ್ನೂ ಬೇಕಾದಷ್ಟು ಜಾಗ ಇದೆ ಸಾರ್!” ಎಂದಳು ದೇವೀರಮ್ಮ.

ಮಕ್ಕಳು ಹೆಗಲೇರಿದರು, ಅಜ್ಜಿಯರು ಸೊಸೆಯರ ತೊಡೆಯೇರಿದರು. ಉಸಿರು ಬಿಗಿಹಿಡಿದು ಇಡೀ ಗಲ್ಲಿಯೇ ಒಳಗೆ ಸೇರಿಕೊಂಡಿತು. ಬಾಗಿಲೂ ಮುಚ್ಚಿತು.

ಅಧಿಕಾರಿ ಬೆರಗಾಗಿ ಲೆಕ್ಕ ಬರೆದುಕೊಂಡ. “ಸರಿ, ಈಗ ಉದ್ದದ್ದಕ್ಕೆ ಹತ್ತಿ.”

ಮೊದಲು ಹತ್ತಿದವರು ಸೀಟಿಗೊಬ್ಬರಂತೆ ಮಲಗಿದರು. ಆಮೇಲೆ ಬಂದವರು ನೆಲದ ಮೇಲೆ ಕಾಲು ಚಾಚಿ ಕೂತರು. ಮುಕ್ಕಾಲು ಗಲ್ಲಿ ಇನ್ನೂ ಕೆಳಗೇ ನಿಂತಿತ್ತು. ದೇವೀರಮ್ಮ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು:

“ಫುಲ್ಲಾಯ್ತು ಸಾರ್, ಇದ್ರಲ್ಲಿ ಇನ್ನೊಬ್ರೂ ಹಿಡಿಸಲ್ಲ!”