ಧುಮುಕಿ ತೋರಿಸಿ

"ಹ್ಞೂಂ, ಧುಮುಕಿ," ಅಂದರು ಡಾಕ್ಟರು. ಫೈರ್‌ಮನ್ ಮೊಳದೆತ್ತರದ ಸ್ಟೂಲಿನ ಮೇಲೆ ನಿಂತು ಕೆಳಗಿನ ನೀಲಿ ಚಾಪೆಯನ್ನೇ ದಿಟ್ಟಿಸುತ್ತಿದ್ದ. ಅವನ ಮಂಡಿಯೊಳಗೆ ಹರಿದುಹೋಗಿದ್ದ ಲಿಗಮೆಂಟಿನ ಜಾಗಕ್ಕೆ ಹೊಸದನ್ನು ವರ್ಷದ ಹಿಂದೆ ರೋಬೋಟಿನ ನೆರವಿನಿಂದ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದ್ದರು. "ಭಯ ಬೇಡ ಕಣ್ರೀ. ಇವತ್ತೇ ಬರ್ದುಕೊಡ್ತೀನಿ, ನಾಳೆಯಿಂದ ಡ್ಯೂಟಿಗೆ ಹೋಗಿ."

ಹೊತ್ತಿ ಉರಿಯುತ್ತಿದ್ದ ಮನೆಯ ಮಹಡಿಯಿಂದ ಮಗುವೊಂದನ್ನು ಅವಚಿಕೊಂಡು ಧುಮುಕಿದಾಗ ಅವನ ಆ ಲಿಗಮೆಂಟು ಹರಿದಿತ್ತು. ಆ ಮಗು ಬದುಕಿತು. ಅದರ ಅಕ್ಕ, "ಮಾಮಾ, ನನ್ನೂ ಕರ್ಕೊಂಡು ಹೋಗಿ," ಅನ್ನುತ್ತ ಕಿಟಕಿಯಲ್ಲೇ ಉಳಿದಳು. "ಆ ಕಾಲಲ್ಲಿ ಮತ್ತೆ ಹೇಗಯ್ಯಾ ಹತ್ತುತ್ತಿದ್ದೆ?" ಅಂತ ಎಲ್ಲರೂ ಸಮಾಧಾನ ಹೇಳಿದ್ದರು. ಆ ಒಂದು ಮಾತನ್ನೇ ಹಿಡಿದುಕೊಂಡು ಅವನು ಇಷ್ಟು ದಿನ ತಳ್ಳಿದ್ದ.

ಕಣ್ಣು ಮುಚ್ಚಿ ಧುಮುಕಿದ. ಮಂಡಿ ಚೂರೂ ಅಲುಗಲಿಲ್ಲ, ಚೂರೂ ನೋಯಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ನೋವಿದೆಯಾ?"

"ತುಂಬಾ," ಅಂದ.

ಡಾಕ್ಟರು ಹುಬ್ಬು ಗಂಟಿಕ್ಕಿ, ಜೊತೆಗೆ ಬಂದಿದ್ದ ಅವನ ಹೆಂಡತಿಯತ್ತ ತಿರುಗಿದರು. ಬೆಳಿಗ್ಗೆ ಅವನು ಮೆಟ್ಟಿಲುಗಳನ್ನು ದಡದಡ ಇಳಿದು ಬಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಹೌದು ಡಾಕ್ಟ್ರೇ," ಅಂದು ಅವಳು ಗಂಡನ ತೋಳು ಬಿಗಿಯಾಗಿ ಹಿಡಿದುಕೊಂಡಳು. "ಮನೇಲೂ ಹೀಗೇ ನರಳ್ತಾರೆ."