ಅಟ್ಟದ ಮೇಲಿನ ಬಾಣಗಳು

ಚಿಕ್ಕಬೋರಮ್ಮ ಕೈಯಲ್ಲಿದ್ದ ಕಬ್ಬಿಣದ ಕೊಳವೆಯನ್ನು ಕುಲುಮೆಯ ಕೆಂಡಕ್ಕೆ ಇಡಲು ಬಗ್ಗಿದ್ದಳು. ಕಮ್ಮಾರ ಕಾಳಪ್ಪ ಸುತ್ತಿಗೆ ಬಿಸುಟು ಹಾರಿ ಬಂದ. ಅವಳ ಕೈಯಿಂದ ಅದನ್ನು ಕಿತ್ತುಕೊಂಡು, ಕಾಯ್ದ ಕಬ್ಬಿಣ ಅದ್ದುವ ನೀರಿನ ಬಾನಿಯಲ್ಲಿ ಮುಳುಗಿಸಿದ.

"ನಿಂಗೇನು ಗಾಳಿ ಬಡೀತಾ? ತುದಿಗೊಂದು ತೂತು ಹೊಡ್ಕೊಡು, ಒಲೆ ಊದಕ್ಕಾಯ್ತದೆ ಅಂತ ತಂದ್ರೆ ನೀರ್ಗಾಕ್ತೀಯಲ್ಲ!"

"ಊದಕ್ಕಾ? ಇದು ದಂಡ್ನೋರು ಬೆಂಕಿ ಹಚ್ಚಿ ಹಾರ್ಸೋ ಬಾಣ ಕಣಮ್ಮ. ಒಳಗೆ ಸಿಡಿಮದ್ದು ಗಿಡಿದವ್ರೆ. ಕೆಂಡ ಸೋಕಿದ್ರೆ ನೀನೂ ಇಲ್ಲ, ನಾನೂ ಇಲ್ಲ."

"ಮಳೇಲಿ ನೆಂದು ಸತ್ತಿರೋ ಮದ್ದು, ಎಂಗೆ ಉರೀತದೆ?"

ಹಿಂದಿನ ಬೇಸಗೆಯಲ್ಲಿ ಸುಲ್ತಾನರ ದಂಡು ಶ್ರೀರಂಗಪಟ್ಟಣದ ಕಡೆಗೆ ಹಿಂದೆಗೆಯುವಾಗ ಹಿರೋಡೆಯ ಒಣಹಳ್ಳದಲ್ಲಿ ಬಾಣದ ಗಾಡಿಯೊಂದು ಮಗುಚಿ, ಬಾಣಗಳೆಲ್ಲ ಅಡ್ಡಮಳೆಗೆ ತೊಯ್ದಿದ್ದವು. ಊರಿನವರು ಬಾಣದ ಬಿದಿರುಕೋಲು ಬಿಚ್ಚಿ ಒಲೆಗಿಟ್ಟು, ಕಬ್ಬಿಣದ ಕೊಳವೆಗಳನ್ನು ಮನೆಗೆ ಹೊತ್ತರು. ಅಂದಿನಿಂದ ಕಾಳಪ್ಪನಿಗೆ ನೆಮ್ಮದಿಯಿಲ್ಲ. ಒಬ್ಬ ಬಂದು ಕುಡುಗೋಲು ಬಡಿದುಕೊಡು ಎನ್ನುತ್ತಾನೆ, ಇನ್ನೊಬ್ಬನಿಗೆ ಗಾಡಿಯ ಕಡಾಣಿ ಬೇಕು. ಅಪಾಯವೆಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಕಿಕ್ಕೇರಿಯಲ್ಲಿ ಅವನ ಷಡ್ಡಕ ಸೋಮಯ್ಯ ಇಂಥದೇ ಒಂದನ್ನು ಕಾಯಿಸಲು ಹೋಗಿ ಎರಡೂ ಕಣ್ಣು ಕಳೆದುಕೊಂಡಿದ್ದ. ಅದನ್ನು ಹೇಳಿದರೆ ಜನ ಅಯ್ಯೋ ಪಾಪ ಎಂದು ಲೊಚಗುಟ್ಟುತ್ತಿದ್ದರು. ಕೊಳವೆಯನ್ನು ಮಾತ್ರ ಜೋಪಾನವಾಗಿ ಮನೆಗೆ ಒಯ್ಯುತ್ತಿದ್ದರು.

"ಇಂತಾವು ಮನೇಲಿ ಇನ್ನೂ ಅವ್ಯಾ?" ಎಂದ ಕಾಳಪ್ಪ.

"ಅವೆ. ತುಕ್ಕಿಡೀಬಾರ್ದು ಅಂತ ಅಟ್ಟದ ಮ್ಯಾಲೆ ಮಡಗಿವ್ನಿ."

"ಯಾವ ಅಟ್ಟ?"

"ಒಲೆ ಮ್ಯಾಲಿಂದು. ಬೆಚ್ಚಗಿರ್ತದೆ."

ಕಾಳಪ್ಪ ಅವಳ ಮನೆಗೆ ಓಡಿದ. ಅಡುಗೆಮನೆಯಲ್ಲಿ ಹಿಟ್ಟಿನ ಎಸರು ಕುದಿಯುತ್ತಿತ್ತು. ಸೌದೆಯ ನಾಲಗೆ ಗಡಿಗೆಯನ್ನು ದಾಟಿ ಮೇಲೇಳುತ್ತಿತ್ತು. ಅದರ ನೇರಕ್ಕೆ, ಬಿದಿರಿನ ಅಟ್ಟದ ಮೇಲೆ, ಈರುಳ್ಳಿ ಗೊಂಚಲುಗಳ ಪಕ್ಕದಲ್ಲಿ ಐದಾರು ಕೊಳವೆಗಳು ಒಪ್ಪವಾಗಿ ಮಲಗಿದ್ದವು. ಅವನು ಮೂಲೆಯಲ್ಲಿದ್ದ ಕೊಡ ಎತ್ತಿ ಒಲೆಗೆ ಸುರಿದುಬಿಟ್ಟ. ಬೂದಿ, ಹೊಗೆ, ಎಸರು ಎಲ್ಲ ಒಂದಾಯಿತು.

"ಉರಿಯೋ ಒಲೆಗೆ ನೀರುಯ್ದಲ್ಲೋ!" ಹಿಂದೆಯೇ ಏದುತ್ತ ಬಂದ ಚಿಕ್ಕಬೋರಮ್ಮ ಎದೆ ಬಡಿದುಕೊಂಡಳು. "ನಮ್ಮನೇಲಿ ಯಾರು ಸತ್ತವ್ರೆ ಅಂತ ಉಯ್ದೆ?"

"ಯಾರೂ ಸಾಯ್ಬಾರ್ದು ಅಂತ್ಲೇ ಉಯ್ದೆ."

ಕಾಳಪ್ಪ ಗೋಣಿ ನೆನೆಸಿ, ಒಂದೊಂದೇ ಕೊಳವೆಯನ್ನು ಅದರಲ್ಲಿ ಸುತ್ತಿ ಕೆಳಗಿಳಿಸಿದ. ಗಲಾಟೆ ಕೇಳಿ ಪಕ್ಕದ ಮನೆಯ ಕುಳ್ಳಮ್ಮ ಬೇಲಿಯಾಚೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕೊಟ್ಬುಡಕ್ಕ, ಕೊಟ್ಬುಡು. ನಾಕು ದಿಸ ಹೋಗ್ಲಿ, ಅವನ ಮನೆ ಬಾಗ್ಲಿಗೆ ಅಗುಳಿ ಆಗಿರ್ತದೆ ನಿನ್ ಕಬ್ಣ!"

ಕಾಳಪ್ಪ ಹಲ್ಲು ಕಚ್ಚಿದ.

"ಅಷ್ಟು ಭಯ ಆದ್ರೆ ಕೆರೆಗೆ ಎಸ್ದು ಬತ್ತೀನಿ ಬುಡು," ಎಂದಳು ಚಿಕ್ಕಬೋರಮ್ಮ.

"ನಿನ್ನೆಮ್ಮೆ ಅದೇ ನೀರು ಕುಡಿಯಾಕಿಲ್ವಾ?"

"ಅಂಗಾರೆ ತಿಪ್ಪೆಗೆ."

"ತಿಪ್ಪೆಗೆ ಬೂದಿ ಸುರೀವಾಗ ಜೊತೇಲಿ ಕೆಂಡನೂ ಬೀಳ್ತದಲ್ಲ!"

"ನೀನೇ ಪಟ್ಣಕ್ಕೆ ಒಯ್ದು ಕೋಟೇಲಿ ಒಪ್ಸು."

"ಕದ್ದೆ ಅಂತ ನನ್ ಕೈ ಕಡ್ದಾರು."

"ನಿಂಗೆ ಯಾವ ಜಾಗ್ವೂ ಆಗಕಿಲ್ವಲ್ಲ!" ಚಿಕ್ಕಬೋರಮ್ಮ ತಲೆಗೆ ಕೈಕೊಟ್ಟು ಹೊಸಿಲ ಮೇಲೆ ಕುಸಿದಳು. ಕಾಳಪ್ಪನಿಗೂ ಅವಳ ಪಕ್ಕ ಹಾಗೇ ಕೂತುಬಿಡಬೇಕೆನಿಸಿತು. ಕುಲುಮೆಯಲ್ಲಿ ಬೆಂಕಿ ಆರುತ್ತಿತ್ತು, ಬಡಿಯಬೇಕಾದ ಮೂರು ನೇಗಿಲಿನ ಗುಳ ಹಾಗೇ ಬಿದ್ದಿದ್ದವು. ಊರಿನ ಬುದ್ಧಿ ತಿದ್ದುವುದು ತನ್ನ ಕಸುಬಲ್ಲ. ಆದರೂ ಗುದ್ದಲಿ ಹಿಡಿದು ಹಿತ್ತಿಲಿನಾಚೆಯ ಬರಡು ನೆಲಕ್ಕೆ ನಡೆದ. ಬಾವಿಗೂ ದನದ ಹಾದಿಗೂ ದೂರವಾದ ಕಡೆ ಗುಂಡಿ ತೋಡಿದ. ಅದನ್ನು ತುಂಬಲು ಚಿಕ್ಕಬೋರಮ್ಮ ಗೊಣಗುತ್ತಲೇ ನೀರು ಹೊತ್ತಳು. ಪ್ರತಿ ಕೊಡಕ್ಕೂ "ಸಾಕಾ?" ಎಂದಳು. ಅವನು ಪ್ರತಿ ಸಲವೂ "ಸಾಲ್ದು" ಎಂದ.

ಕಿಡಿ ಹಾರೀತೆಂದು ಕಬ್ಬಿಣ ತಾಕಿಸದೆ, ಕೊಳವೆಗಳ ಬಾಯಿಗೆ ಮೆತ್ತಿದ್ದ ಮಣ್ಣನ್ನು ಬಿದಿರಿನ ಸೀಳಿನಿಂದ ನೀರೊಳಗೇ ಕೆರೆದ. ಕರಿಯ ರಾಡಿ ಇಳಿಯಿತು. ಒಂದರ ಮಣ್ಣು ಮಾತ್ರ ಮೊದಲೇ ಬಿರಿದಿತ್ತು. ಮುಳುಗಿಸಲು ಎತ್ತಿದಾಗ ಅದರಿಂದ ಅಂಗೈಗೆ ಮದ್ದು ಪುಡಿಪುಡಿಯಾಗಿ ಉದುರಿತು. ಒಲೆಯ ನೆತ್ತಿಯ ಮೇಲೆ ಮಲಗಿದ್ದುದು. ಹುರಿದ ಹಿಟ್ಟಿನಷ್ಟು ಒಣಗಿತ್ತು.

ಕಾಳಪ್ಪ ಕೊಳವೆಯನ್ನು ನೀರಿಗಿಳಿಸಿ, ಅಂಗೈಯಲ್ಲಿ ಉಳಿದ ಪುಡಿಯ ಒಂದು ಚಿಟಿಕೆಯನ್ನು ದೂರದ ಬಂಡೆಯ ಮೇಲಿಟ್ಟು, ಕೈ ತೊಳೆದುಕೊಂಡ. ಉದ್ದ ಕೋಲೊಂದರ ತುದಿಗೆ ಬೆಂಕಿ ಹಚ್ಚಿ ತಂದು, ಮುಖ ತಿರುಗಿಸಿ ತಾಕಿಸಿದ. ಭುಸ್ಸೆಂದು ಮೊಳದುದ್ದದ ಉರಿ ಎದ್ದಿತು. ಬಂಡೆಯ ಮೇಲೆ ಕರಿ ಮಚ್ಚೆ ಉಳಿಯಿತು.

"ಒಂದು ಚಿಟ್ಕೆ!" ಎಂದಳು ಚಿಕ್ಕಬೋರಮ್ಮ. ಮೆಲ್ಲಗೆ ತಿರುಗಿ ತನ್ನ ಮನೆಯ ಹುಲ್ಲಿನ ಸೂರನ್ನು ನೋಡಿದಳು. ಆಮೇಲೆ ತಾನೇ ಗುದ್ದಲಿ ಕಿತ್ತುಕೊಂಡು ಗುಂಡಿ ಮುಚ್ಚತೊಡಗಿದಳು.

"ಮೇಲೆ ಮುಳ್ಳು ಎಳಿ. ಮದ್ದಿನ ಉಪ್ಪಿನ ಆಸೆಗೆ ದನ ಬಂದು ಮಣ್ಣು ನೆಕ್ತವೆ," ಎಂದ ಕಾಳಪ್ಪ. ಅವಳು ಆಗಲೇ ಬೇಲಿಯ ಮುಳ್ಳಿನ ಕೊಂಬೆಗೆ ಕೈ ಹಾಕಿದ್ದಳು.

ಉರಿ ಎದ್ದಾಗ ಬೇಲಿಯಾಚೆಯಿಂದ ಇಣುಕುತ್ತಿದ್ದ ಕುಳ್ಳಮ್ಮ ಈಗ ಅಲ್ಲಿರಲಿಲ್ಲ. ಊರು ಸುತ್ತಿ ಚಾಡಿ ಹೇಳಲು ಹೋದಳೆಂದು ಕಾಳಪ್ಪ ಬೇಸರದಿಂದ ಉಗುಳಿದ. ಅಷ್ಟರಲ್ಲಿ ಅವಳು ಬೇಲಿಯನ್ನು ನುಗ್ಗಿಕೊಂಡೇ ಓಡಿಬಂದಳು. ಒಂದು ಕಂಕುಳಲ್ಲಿ ನಿದ್ದೆ ಕೆಟ್ಟು ಚೀರುವ ಕೂಸು. ಇನ್ನೊಂದು ಕೈಯಲ್ಲಿ, ಮೈಗೆ ಸೋಕದಷ್ಟು ದೂರ ಚಾಚಿ ಹಿಡಿದ ಕೊಳವೆ. ಸೀರೆಯ ಜೋಲಿ ಅಗಲವಾಗಿ ನಿಲ್ಲಲೆಂದು ಮಗುವಿನ ತಲೆಯ ಮೇಲೆ ಅಡ್ಡಕ್ಕೆ ಕಟ್ಟಿದ್ದ ಕೊಳವೆ ಅದು. ಗಂಟು ಬಿಚ್ಚುವಷ್ಟೂ ತಡೆಯದೆ ಕುಡುಗೋಲಿನಿಂದ ಕೊಯ್ದು ತಂದಿದ್ದಳು. ಹಳೇ ಸೀರೆಯ ಎರಡು ತುಂಡು ಅದರ ತುದಿಗಳಲ್ಲಿ ಇನ್ನೂ ನೇತಾಡುತ್ತಿದ್ದವು.